ಉಯಿಲಿಗೆ ಹಾಕಿದ ಹೊಲಿಗೆ

ಶನಿವಾರ, ಮಾರ್ಚ್ ಹದಿನಾಲ್ಕು
ಅಂಗಡಿಯ ಮೇಜಿನಿಂದ

ಅಕ್ಕನಿಗೆ,

ನಮಸ್ಕಾರ. ನಾನು ಕ್ಷೇಮವೆಂದು ಬರೆದರೆ, ಮುಂದಿನ ಸಾಲಿನಲ್ಲಿ ಏನೋ ಕೆಟ್ಟ ಸುದ್ದಿ ಇದೆಯೆಂದು ನೀನು ಎದೆ ಹಿಡಿದುಕೊಳ್ಳುತ್ತೀ. ಹಾಗೇನಿಲ್ಲ. ಕ್ಷೇಮ, ಅಷ್ಟೇ. ಕಿಟಕಿ ತೆರೆದಿದೆ, ಒಲೆಯ ಮೇಲೆ ಅಂಟು ಕಾಯುತ್ತಿದೆ, ಎದುರು ಮನೆಯವರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದಾರೆ.

ನಿನ್ನ ಕಾಗದದಲ್ಲಿ ಇದ್ದದ್ದು ಎರಡೇ ಪ್ರಶ್ನೆ. ಮಾವನ ಉಯಿಲು ಏನಾಯಿತು? ಆ ವಕೀಲರಿಗೆ ಯಾಕೆ ಇಷ್ಟು ದುಡ್ಡು? ಅದರ ಕೆಳಗೆ, ಪೆನ್ನು ಒತ್ತಿ ಬರೆದ ಗಾದೆ: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಬೈಂಡಿಂಗಿನಲ್ಲಿ ರಟ್ಟು ಕೂರಿಸುವುದು ಕೊನೆಗೆ. ಒಳಗಿನ ಹಾಳೆಗಳು ಸರಿಹೋಗದೆ ರಟ್ಟು ಹಾಕಿದ ಪುಸ್ತಕ ಬಾಯಿ ಮುಚ್ಚುವುದಿಲ್ಲ. ಸ್ವಲ್ಪ ತಾಳು.

ಉಯಿಲಿನ ಒಕ್ಕಣೆ ನಿನಗೆ ಗೊತ್ತಿರುವುದೇ. ಕೆಳಗಿನ ಬೈಂಡಿಂಗ್ ಅಂಗಡಿ ಸಾಮಾನುಸಮೇತ ನನಗೆ, ಮೇಲಿನ ಎರಡು ಕೋಣೆ ನಿನಗೆ, ಜಾರಿಗೆ ತರುವ ಹೊಣೆ ಇಬ್ಬರಿಗೂ. ಮಕ್ಕಳಿಲ್ಲದ ಮನುಷ್ಯ, ತಾಯಿಯಿಲ್ಲದ ಇಬ್ಬರನ್ನು ಬೆಳೆಸಿ, ಅವರಿಗೆಂದು ಬರೆದ ನಾಲ್ಕು ವಾಕ್ಯ. ನೀನು ದೂರದಲ್ಲಿರುವೆನೆಂಬ ನೆಪ ಹೇಳಿ ಹೊಣೆಯನ್ನು ನನ್ನ ತಲೆಗೆ ಕಟ್ಟಿದೆ. ಅದು ನಿಲ್ಲದೆ ಹೋದರೆ ಏನು ಎಂಬುದೂ ನಿನಗೆ ಗೊತ್ತು. ನಾವೂ ಸೇರಿ ಒಂಬತ್ತು ಜನ ವಾರಸುದಾರರಿಗೆ ಪಾಲು. ಒಂಬತ್ತು ಪಾಲಾದ ಅಂಗಡಿಯನ್ನು ಮಾರದೆ ಬೇರೆ ಗತಿಯಿಲ್ಲ. ಮಾರಿದರೆ ಕೊಳ್ಳುವವನು ಯಾರೆಂದೂ ಗೊತ್ತು. ದೊಡ್ಡಮಾವನ ಮಗ, ಸಿಮೆಂಟು ಮಾರುವ ನಮ್ಮ ಭಾವ, ಸಾವಿನ ಮನೆಗೆ ಬಂದ ದಿನವೇ ಅಂಗಡಿಯ ಮುಂಭಾಗವನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ.

ಈಗ ನನ್ನ ಘನಕಾರ್ಯ. ಇದನ್ನು ನಿನಗೆ ಫೋನಿನಲ್ಲಿ ಹೇಳಿರಲಿಲ್ಲ.

ಮಾವ ಹೋದ ಮರುವಾರ ಬೀರು ತೆಗೆದೆ. ಉಯಿಲು ಅವರು ಹೇಳಿದ್ದ ಜಾಗದಲ್ಲೇ, ಬೈಂಡಿಂಗ್ ಬಟ್ಟೆಯ ಸುರುಳಿಗಳ ಕೆಳಗೆ ಇತ್ತು. ಎರಡು ಹಾಳೆ. ಎಡಮೂಲೆಯಲ್ಲಿ ಒಂದು ಸ್ಟೇಪ್ಲರ್ ಪಿನ್ನು. ತುಕ್ಕು ಹಿಡಿದು, ಸುತ್ತಲೂ ಕಂದು ಕಲೆ ಹರಡಿತ್ತು. ಕಾಗದಕ್ಕೆ ಕಬ್ಬಿಣ ತಾಗಿಸಬಾರದೆಂದು ಜೀವಮಾನವಿಡೀ ಹೇಳಿಕೊಂಡು ಬಂದವರ ಕೊನೆಯ ಕಾಗದ ಅದು. ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದನ್ನೇ ಆಮೇಲೆ ಬಹಳ ಯೋಚಿಸಿದ್ದೇನೆ. ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ. ಬಂದವರಿಗೆ ಕುರ್ಚಿ ಹಾಕುವುದು, ಹೊರಟವರಿಗೆ ಛತ್ರಿ ಹುಡುಕಿಕೊಡುವುದು, ಇಷ್ಟರಲ್ಲೇ ದಿನಗಳು ಹೋಗಿದ್ದವು. ಚಾಕುವಿನ ತುದಿಯಿಂದ ಪಿನ್ನಿನ ಕಾಲು ಎತ್ತಿದೆ. ತುಕ್ಕಿನ ಪುಡಿಯನ್ನು ಕುಂಚದಿಂದ ಗುಡಿಸಿದೆ. ದಬ್ಬಳದಲ್ಲಿ ಅಂಚಿಗೆ ಮೂರು ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದೆ. ಗಂಟು ಒಳಗಡೆಗೆ ಬಂತು, ಮಾವನಿಗೆ ಹಿಡಿಸುವ ಹಾಗೆ. ಒತ್ತುಯಂತ್ರದಲ್ಲಿಟ್ಟು ಹಿಡಿ ತಿರುಗಿಸುವಾಗ ಕಣ್ಣು ತುಂಬಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿನ್ನ ಮಾತಿನಂತೆ ಮೊದಲು ನಾನೇ ಕೋರ್ಟಿಗೆ ಹೋದೆ. ವಕೀಲರಿಲ್ಲದೆಯೂ ಆಗುವ ಕೆಲಸ ಇದು. ನೀನು ಹೇಳಿದ್ದು ಸುಳ್ಳಲ್ಲ. ಉಯಿಲು, ಸಾವಿನ ದಾಖಲೆ, ಆಸ್ತಿಯ ಬೆಲೆ ಬರೆದ ಅರ್ಜಿ, ಇವನ್ನು ಕೊಟ್ಟರೆ ಅವರು ಪರಿಶೀಲಿಸಿ, ಉಯಿಲು ನಿಜವೆಂದು ಮುದ್ರೆ ಒತ್ತಿ ಕೊಡುತ್ತಾರೆ. ಅದಕ್ಕೇ ಪ್ರೊಬೇಟ್ ಎನ್ನುವುದು. ಆ ಮುದ್ರೆಯಿಲ್ಲದೆ ಬ್ಯಾಂಕಿನವರೂ ನೋಂದಣಿ ಕಚೇರಿಯವರೂ ಸತ್ತವರ ಮಾತಿಗೆ ಕಿವಿಗೊಡುವುದಿಲ್ಲ. ಅರ್ಜಿ ತೆಗೆದುಕೊಳ್ಳುವ ಕಿಟಕಿಯಾಚೆಯ ಗುಮಾಸ್ತ ಉಯಿಲನ್ನು ತಿರುಗಿಸಿ ನೋಡಿ, ಇದನ್ನ ಹೊಲಿದಿದ್ದು ಯಾರು ಸಾರ್ ಅಂದ. ನಾನೇ ಅಂದೆ, ತುಸು ಹೆಮ್ಮೆಯಿಂದಲೇ. ಅವನು ದಾರದ ಮೇಲೆ ಬೆರಳಾಡಿಸಿ, ಕೆಲಸ ಚೆನ್ನಾಗಿದೆ, ಆದ್ರೆ ಬೇಗ ಒಬ್ಬ ವಕೀಲರನ್ನ ನೋಡ್ಬಿಡಿ ಅಂದ.

ವಕೀಲರ ಕಚೇರಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ಕೆಮ್ಮಿನ ಸಿರಪ್ಪಿನ ವಾಸನೆ. ವಕೀಲರು ಹೆಂಗಸು, ನಿನ್ನ ದೊಡ್ಡ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೇಜಿನ ಮೇಲೆ ಅಂಗೈಯಗಲದ ಒಂದು ಗಡಿಯಾರ. ನಾವು ಕೂತ ಕೂಡಲೇ ಅದರ ನೆತ್ತಿಯ ಗುಂಡಿ ಒತ್ತುತ್ತಾರೆ. ಫೀಸು ಎರಡು ಬಗೆ ಎಂದರು. ಆಸ್ತಿಯ ಬೆಲೆಯಲ್ಲಿ ನೂರಕ್ಕಿಷ್ಟು ಎಂದು ಒಂದು. ಕೆಲಸ ಮಾಡಿದ ಹೊತ್ತಿಗೆ ಇಷ್ಟು ಎಂದು ಇನ್ನೊಂದು, ಅದೂ ಆರಾರು ನಿಮಿಷದ ತುಂಡುಗಳಲ್ಲಿ. ನಾನು ಎರಡನೆಯದನ್ನು ಆರಿಸಿದೆ. ಮಾತು ಕಡಿಮೆ ಆಡುವವನು, ಲಾಭವೇ ಆದೀತೆಂದು. ಅವರು ನಕ್ಕು, ಎಲ್ರೂ ಹಾಗೇ ಅಂದ್ಕೋತಾರೆ ಅಂದರು. ಆ ನಗುವೂ ಲೆಕ್ಕಕ್ಕೆ ಸೇರಿತೋ ಏನೋ, ಕೇಳಲಿಲ್ಲ. ಕೇಳಿದ್ದರೆ ಕೇಳಿದ್ದೂ ಸೇರುತ್ತಿತ್ತು.

ಆಮೇಲೆ ಉಯಿಲು ಬಿಚ್ಚಿದರು. ಮುಖದ ಮೇಲಿನ ನಗು ಹೋಯಿತು. ಏನ್ ಮಾಡಿದ್ರಿ ಇದಕ್ಕೆ ಅಂದರು. ರಿಪೇರಿ ಅಂದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಮೂರು ತೂತು. ಮೂಲೆಯಲ್ಲಿ ಪಿನ್ನಿನ ಎರಡು ತೂತು, ಅವುಗಳ ಮೂಲಕ ಆಕಾಶ ಕಾಣುತ್ತಿತ್ತು. ಸಾರ್, ಕೋರ್ಟಿನವ್ರು ಈ ತೂತು ನೋಡಿ ಕೇಳೋದು ಒಂದೇ, ಇಲ್ಲಿ ಇನ್ನೊಂದು ಹಾಳೆ ಇತ್ತಾ? ಅದನ್ನ ಕಿತ್ತವರು ಯಾರು? ಅದರಲ್ಲಿ ಅಂಗಡಿ ಯಾರಿಗೆ ಅಂತ ಬರೆದಿತ್ತು? ಹೀಗೆಂದು ಒಂದೊಂದಾಗಿ ಕೇಳಿ, ಕೊನೆಗೆ, ತುಕ್ಕು ಹಿಡಿದ ಪಿನ್ನು ನಿಮಗೇನು ತೊಂದ್ರೆ ಮಾಡಿತ್ತು ಅಂದರು. ನಮ್ಮ ಕಸುಬು ಕಾಗದದ ಗಾಯ ಮುಚ್ಚುವುದು, ಅವರ ಕಸುಬು ಗಾಯ ಎಣಿಸುವುದು. ಒಂದೇ ಹಾಳೆಯನ್ನು ಇಬ್ಬರೂ ಪ್ರೀತಿಯಿಂದಲೇ ಹಿಡಿದಿದ್ದೆವು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಹೊಲಿಗೆ ಹಾಕಿದ ಕೈಯಿಂದಲೇ ಅಂಗಡಿ ಕಳೆದುಕೊಳ್ಳುವ ಲಕ್ಷಣ ಕಾಣುತ್ತಿತ್ತು.

ಪಿನ್ನು ಎಲ್ಲಿ ಎಂದು ಕೇಳಿದರು. ಅದೃಷ್ಟಕ್ಕೆ ಎಸೆದಿರಲಿಲ್ಲ, ನಮ್ಮ ಮನೆಯಲ್ಲಿ ಏನನ್ನಾದರೂ ಎಸೆದದ್ದುಂಟೇ? ಇನ್ನು, ಪಿನ್ನು ಹೊಡೆದದ್ದನ್ನು ಕಂಡವರು ಬೇಕು, ಹಾಳೆ ಎರಡೇ ಇದ್ದವೆಂದು ಪ್ರಮಾಣ ಮಾಡಿ ಹೇಳಬೇಕು ಎಂದರು. ಸಾಕ್ಷಿ ಹಾಕಿದವರು ಇಬ್ಬರು. ಒಬ್ಬ ನಮ್ಮ ಬೀದಿಯ ಕ್ಷೌರದವನು. ಅವನು ಮಾವನಿಗಿಂತ ಮೊದಲೇ ಹೋದ. ಇನ್ನೊಬ್ಬರು ಆಗ ಎದುರಿಗಿದ್ದ ಕನ್ನಡಕದಂಗಡಿಯವರು. ನಿನಗೆ ನೆನಪಿರಬೇಕು. ಬಂದಾಗಲೆಲ್ಲ ಕಿಟಕಿಯಲ್ಲಿ ನಿಂತು, ಆ ಕನ್ನಡಕದವಳು ಒಬ್ಬಳೇ ಎಷ್ಟು ದಿನ ಅಂತ ಇರ್ತಾಳೋ ಎನ್ನುತ್ತಿದ್ದೆ. ಆಮೇಲೆ ನನ್ನ ಕಡೆ ತಿರುಗಿ ಒಂದು ನಿಟ್ಟುಸಿರು ಬಿಡುತ್ತಿದ್ದೆ.

ವಕೀಲರು ಅರ್ಜಿಗೆ ಬೇಕಾದ ಪ್ರಶ್ನೆಗಳನ್ನೆಲ್ಲ ಕೇಳುತ್ತ ಹೋದರು. ಸಾಕ್ಷಿಗಳಿಗೆ ಉಯಿಲಲ್ಲಿ ಏನಾದ್ರೂ ಬಿಟ್ಟಿದ್ದಾರಾ? ಇಲ್ಲ. ಸಾಕ್ಷಿಗಳ ಗಂಡನಿಗೋ ಹೆಂಡತಿಗೋ ಏನಾದ್ರೂ? ಇಲ್ಲ ಎಂದೆ. ಬಿಟ್ಟಿದ್ರೆ ಅದು ಸಿಗ್ತಿರಲಿಲ್ಲ, ಕಾನೂನು ಹಾಗಿದೆ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾಕೆ ಹೆಗಲು ಮುಟ್ಟಿಕೊಂಡೆ ಎಂಬುದು ಈ ಕಾಗದದ ವಿಷಯವಲ್ಲ.

ಕನ್ನಡಕದಂಗಡಿಯವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಾಡಿಗೆ ಏರಿದ ಮೇಲೆ ರೈಲು ನಿಲ್ದಾಣದ ಹಿಂದಿನ ಬೀದಿಗೆ ಹೋಗಿದ್ದಾರೆ. ಇದು ನನಗೆ ಹೇಗೆ ಗೊತ್ತಿತ್ತೆಂದರೆ, ನನಗೂ ಕಣ್ಣುಗಳಿವೆ.

ಅವರು ವಕೀಲರ ಕಚೇರಿಗೆ ಬಂದ ದಿನವನ್ನು ಹೇಗೆ ಬರೆಯಲಿ? ಬಂದವರೇ ಗಡಿಯಾರ ನೋಡಿ, ಇದೇನಮ್ಮ, ಮೊಟ್ಟೆ ಬೇಯಿಸೋದಕ್ಕಾ ಅಂದರು. ವಕೀಲರು ನಕ್ಕು ಬಗ್ಗಿಬಿಟ್ಟರು. ಉಯಿಲು ಕೈಗೆ ಕೊಟ್ಟಾಗ ಕನ್ನಡಕದಂಗಡಿಯವರು ಮೊದಲು ಓದಲಿಲ್ಲ, ದಾರ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಂತೂ ಮಾವನ ಆಸೆ ತೀರಿಸಿದ್ರಿ ಅಂದರು. ಏನಾಗಿತ್ತೆಂದರೆ, ಸಹಿ ಹಾಕಿದ್ದು ಅವರ ಅಂಗಡಿಯ ಗಾಜಿನ ಮೇಜಿನ ಮೇಲೆ. ಹಾಳೆಗಳು ಫ್ಯಾನಿನ ಗಾಳಿಗೆ ಹಾರುತ್ತಿದ್ದುವೆಂದು ಅವರೇ ಪಿನ್ನು ಹೊಡೆದರಂತೆ. ಮಾವ ಮುಖ ಸಿಂಡರಿಸಿ, ಕಾಗದಕ್ಕೆ ಕಬ್ಬಿಣ ಹೊಡೆದ್ಯಲ್ಲಮ್ಮ, ಪಾಪ ತಟ್ಟುತ್ತೆ ಅಂದರಂತೆ. ಅದಕ್ಕೆ ಇವರು, ನಿಮ್ಮ ದಾರ ಬರೋವರೆಗೆ ಕಾಯ್ತಾ ಕೂತ್ರೆ ನಾನೂ ಒಂದು ಉಯಿಲು ಬರೀಬೇಕಾಗುತ್ತೆ ಅಂದರಂತೆ. ಕ್ಷೌರದವನು ನಕ್ಕು ಸಹಿಯನ್ನು ಸೊಟ್ಟ ಮಾಡಿದನಂತೆ. ನೋಡಿದೆವು. ಸಹಿ ಸೊಟ್ಟವಾಗಿಯೇ ಇದೆ. ಮಾವ ಸತ್ತ ಮೇಲೆ ಮೊದಲ ಸಲ ಅವರ ಧ್ವನಿ ಆ ಕೋಣೆಯಲ್ಲಿ ಕೇಳಿಸಿದ ಹಾಗಾಯಿತು.

ಆ ಸ್ಟೇಪ್ಲರು ಇನ್ನೂ ಇದೆಯಾ ಎಂದು ವಕೀಲರು ಕೇಳಿದರು. ಇದೆ, ಬಾಯಿ ಸೊಟ್ಟ, ಆದ್ರೂ ಹೊತ್ತಿಗೆ ಸರಿಯಾಗಿ ಬಾಯಿ ಬಿಡುತ್ತೆ, ನಮ್ಮ ಬೈಂಡರ್ ಸಾಹೇಬ್ರ ಥರ ಅಲ್ಲ ಅಂದರು. ವಕೀಲರ ಗುಮಾಸ್ತ ಅವರ ಜೊತೆ ಹೋಗಿ ತಂದ. ಖಾಲಿ ಹಾಳೆಯ ಮೇಲೆ ಹೊಡೆದು ನೋಡಿದರೆ ಪಿನ್ನು ಓರೆಯಾಗಿ, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡವಾಗಿ ಇಳಿಯಿತು. ಆ ಹಾಳೆಯನ್ನು ಉಯಿಲಿನ ಮೂಲೆಯ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ತೂತಿನೊಳಗೆ ತೂತು ಕೂತಿತು. ನಾನು ತೆಗೆದಿಟ್ಟಿದ್ದ ತುಕ್ಕಿನ ಪಿನ್ನಿಗೂ ಅದೇ ಕುಂಟು. ಎರಡೂ ಹಾಳೆಗಳಲ್ಲಿ ಪಿನ್ನಿನ ಒಂದೊಂದೇ ಜೋಡಿ ತೂತು. ಒಮ್ಮೆ ಹೊಡೆದದ್ದನ್ನು ಬಿಚ್ಚಿ ಮತ್ತೆ ಹೊಡೆದಿದ್ದರೆ ಎರಡು ಜೋಡಿ ಇರಬೇಕಿತ್ತು ಎಂದು ವಕೀಲರು ಖುಷಿಯಿಂದ ಟಿಪ್ಪಣಿ ಮಾಡಿಕೊಂಡರು. ಸಾಕ್ಷಿಯವರ ಪ್ರಮಾಣಪತ್ರ ಒಂದು, ನಾನು ಯಾವ ಬುದ್ಧಿಯಿಂದ ಬಿಚ್ಚಿ ಹೊಲಿದೆ ಎಂಬ ನನ್ನ ಪ್ರಮಾಣಪತ್ರ ಒಂದು. ನನ್ನದರಲ್ಲಿ, ವೃತ್ತಿಯ ಅಭ್ಯಾಸಬಲದಿಂದ ಎಂದು ಬರೆಸಿದರು. ಅತ್ತದ್ದನ್ನು ಬರೆಸಲಿಲ್ಲ, ಹೇಳಿಯೂ ಇರಲಿಲ್ಲ.

ಸಹಿಯೆಲ್ಲ ಮುಗಿದು ಏಳುವಾಗ ವಕೀಲರು, ನಿಮಗೆ ಇವರ ಪರಿಚಯ ಚೆನ್ನಾಗಿದೆಯಾ ಎಂದು ಸುಮ್ಮನೆ ಕೇಳಿದರು. ಅವರು, ವರ್ಷಕ್ಕೆ ನಾಲ್ಕು ಸಲ ಕಣ್ಣು ಪರೀಕ್ಷೆಗೆ ಬರ್ತಾರೆ, ಕಣ್ಣು ಸರಿಯಾಗೇ ಇದೆ, ಯಾಕೆ ಬರ್ತಾರೋ ಗೊತ್ತಿಲ್ಲ ಅಂದರು. ನಾನು ಕೊಡೆ ಹುಡುಕುತ್ತಿದ್ದೆ. ಆ ದಿನ ಕೊಡೆ ತಂದಿರಲಿಲ್ಲ.

ಮುಂದಿನದು ಕಾಯುವ ಕೆಲಸ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಬರಬಹುದೆಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದರು. ಅದು ಬಂದ ಬೆಳಿಗ್ಗೆಯೇ ಸಿಮೆಂಟಿನ ಭಾವ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಏನಪ್ಪಾ, ತೂತು ಬಿದ್ದ ಉಯಿಲಂತೆ ಅಂದ. ಕೂತುಕೋ ಭಾವ ಅಂದೆ. ಕೂರಲಿಲ್ಲ. ಗೋಡೆ ಕುಟ್ಟಿ ನೋಡಿದ, ಟೊಳ್ಳು ಅಂದ. ನಾನೂ ಒಬ್ಬ ವಕೀಲರನ್ನ ನೋಡಿದೀನಿ ಎಂದು ಹೇಳಿ ಹೋದ. ಆಕ್ಷೇಪಣೆಗೆ ಕೊಟ್ಟ ಗಡುವು ಮುಗಿಯುವವರೆಗೆ ನಾನು ದೊಡ್ಡ ಕೆಲಸ ಯಾವುದನ್ನೂ ಹಿಡಿಯಲಿಲ್ಲ. ಇನ್ನೊಬ್ಬರ ಪುಸ್ತಕ ಅರ್ಧ ಬಿಚ್ಚಿಟ್ಟು ಅಂಗಡಿ ಬಿಡುವಂತಾಗಬಾರದಲ್ಲ. ಒತ್ತುಯಂತ್ರಕ್ಕೆ ಎಣ್ಣೆ ಹಾಕಿದೆ. ದಬ್ಬಳಗಳನ್ನು ಸಾಣೆ ಹಿಡಿದೆ. ಮಾವನ ಏಪ್ರನ್ ತೊಳೆದು ಅದೇ ಮೊಳೆಗೆ ಮತ್ತೆ ಹಾಕಿದೆ. ಚಳಿಗಾಲವಿಡೀ ಕಣ್ಣು ಪರೀಕ್ಷೆಗೂ ಹೋಗಲಿಲ್ಲ. ಕಾರಣ ಕಾನೂನು ಎಂದಷ್ಟೇ ಬರೆಯುತ್ತೇನೆ.

ಈಗ ರಟ್ಟು. ಗುರುವಾರ ಆದೇಶ ಬಂತು ಅಕ್ಕ. ಉಯಿಲು ನಿಂತಿತು. ಮುದ್ರೆ ಕೆಂಪಗೆ, ಸ್ವಲ್ಪ ಒದ್ದೆಯಾಗಿಯೇ ಇತ್ತು. ವಕೀಲರು ಅದನ್ನು ಕೈಗೆ ಕೊಡುವಾಗ, ದಯವಿಟ್ಟು ಇದಕ್ಕೆ ರಟ್ಟು ಹಾಕ್ಬೇಡಿ ಅಂದರು. ಅಂಗಡಿ ನನ್ನದು, ಮೇಲಿನ ಕೋಣೆಗಳು ನಿನ್ನವು, ಬಾಡಿಗೆಯವರಿಗೂ ಹೇಳಿದ್ದೇನೆ. ಭಾವ ಆಕ್ಷೇಪಣೆ ಹಾಕಲೇ ಇಲ್ಲ. ಅವನ ವಕೀಲರೂ ಗಡಿಯಾರ ಇಟ್ಟವರೇ ಇರಬೇಕು. ನಿನ್ನೆ ಬಂದು ಎಂದಿನ ದರ್ಪದಲ್ಲೇ, ಹೂಂ, ನಿನ್ನ ದಾರ ಗಟ್ಟಿ ಬಿಡು ಎಂದು, ಅಂಗಡಿಯ ರಸೀದಿ ಪುಸ್ತಕ ಐವತ್ತು ಬೇಕೆಂದ. ಮುಂಗಡ ಕೊಟ್ಟ. ಚಹಾ ಕುಡಿದ. ಗೋಡೆ ಕುಟ್ಟಲಿಲ್ಲ.

ಎರಡನೆಯ ಪ್ರಶ್ನೆ. ಒಟ್ಟು ಖರ್ಚು ನಿನ್ನ ಎರಡು ಕೋಣೆಗಳ ಐದು ತಿಂಗಳ ಬಾಡಿಗೆಯಷ್ಟು. ಅದರಲ್ಲಿ ಹೆಚ್ಚಿನ ಪಾಲು ವಕೀಲರದ್ದಲ್ಲ, ಕೋರ್ಟಿನ ಶುಲ್ಕ. ಅದು ಆಸ್ತಿಯ ಬೆಲೆಯ ಮೇಲೆ, ವಕೀಲರಿದ್ದರೂ ಇಲ್ಲದಿದ್ದರೂ ತಪ್ಪದು. ಬೆಲೆ ಕಟ್ಟಿದವರಿಗೆ, ಪತ್ರಿಕೆಗೆ ಸ್ವಲ್ಪ ಸ್ವಲ್ಪ. ಉಳಿದದ್ದು ವಕೀಲರಿಗೆ. ಈ ಹೊಲಿಗೆ ಇಲ್ದಿದ್ರೆ ನಾನೇ ಬೇಕಾಗಿರ್ಲಿಲ್ಲ ನಿಮಗೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ನನ್ನ ಸೂಜಿಯ ಪಾಪಕ್ಕೆ ಆದ ಖರ್ಚನ್ನು ನಾನೇ ಹೊರುತ್ತೇನೆ. ಆದರೆ ನೀನು ಮೂರು ಸಲ ಫೋನು ಮಾಡಿ, ನಿಮ್ಮ ಮಕ್ಕಳು ಏನು ಓದ್ತಿದ್ದಾರೆ, ಮಂಡಿನೋವಿಗೆ ಏನು ಹಚ್ತೀರಿ ಎಂದು ಅವರನ್ನು ವಿಚಾರಿಸಿದ್ದೆಯಂತೆ. ಆ ತುಂಡುಗಳು ನಿನ್ನ ಲೆಕ್ಕ. ಅವರಿಗೆ ಮಕ್ಕಳಿಲ್ಲ, ಮಂಡಿಯೂ ನೋಯುತ್ತಿಲ್ಲ.

ಗೆದ್ದವನು ಸೋತ ಎನ್ನುತ್ತೀ. ಇರಬಹುದು. ನಾನು ಬೆಳಿಗ್ಗೆ ಬಾಗಿಲು ತೆಗೆದಾಗ ಅಂಟಿನ ವಾಸನೆ ಎಂದಿನಂತೆ ಮೂಗಿಗೆ ಹೊಡೆಯಿತು. ಸೋತವನಿಗೆ ಇಷ್ಟು ಹಗುರವೆನಿಸಬಾರದು.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಪ್ರೀತಿ.

ಚಿಕ್ಕಂದಿನಲ್ಲಿ ಮಾವನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದ, ಈಗ ಅಂಗಡಿಗೆ ಅಂಟಿಕೊಂಡಿರುವ,
ನಿನ್ನ ಗೋಂದು

ಮರೆತಿದ್ದು: ಮರೆತಿರಲಿಲ್ಲ. ಆದೇಶ ಕೈಗೆ ಬಂದ ಮೇಲೆ, ಇನ್ನೊಂದು ಪ್ರಶ್ನೆ ಇತ್ತು ಎಂದು ವಕೀಲರಿಗೆ ಹೇಳಿದೆ. ಅವರು ಗುಂಡಿಯತ್ತ ಕೈ ಚಾಚಿದರು. ಉಯಿಲಿಗೆ ಸಾಕ್ಷಿ ಹಾಕಿದವರನ್ನ ಅಂಗಡಿ ಪಡೆದವನು ಮದುವೆ ಆದ್ರೆ ಅಂಗಡಿ ಹೋಗುತ್ತಾ ಎಂದು ಕೇಳಿದೆ. ಚಾಚಿದ ಕೈ ಅಲ್ಲೇ ನಿಂತಿತು. ಸಹಿ ಹಾಕಿದ ದಿನ ಮದುವೆ ಆಗಿತ್ತಾ ಅಂದರು. ಇಲ್ಲ ಅಂದೆ. ಹಾಗಾದ್ರೆ ಧಾರಾಳವಾಗಿ ಆಗಿ ಸಾರ್, ಕಾನೂನು ನೋಡೋದು ಆ ದಿನವನ್ನ ಮಾತ್ರ ಎಂದು ಹೇಳಿ ಗಡಿಯಾರವನ್ನು ಬೋರಲು ಮಲಗಿಸಿದರು. ಇದರ ಫೀಸು ಎಂದೆ. ಇದು ನನ್ನ ಖುಷಿಗೆ ಅಂದರು.

ಅಲ್ಲಿಂದ ನೇರ ರೈಲು ನಿಲ್ದಾಣದ ಹಿಂದಿನ ಬೀದಿಗೆ ಹೋದೆ. ನಾನು ಹೇಳಿದ್ದೆಲ್ಲವನ್ನೂ ಕೇಳಿ, ಹಾಗಾದ್ರೆ ಚಳಿಗಾಲ ಪೂರ್ತಿ ಮುಖ ತೋರಿಸದೆ ಇದ್ದಿದ್ದು ಆರು ನಿಮಿಷದ ದುಡ್ಡು ಉಳಿಸೋಕಾ ಅಂದಳು. ಮೇಲೆ ಅವರು ಎಂದು ಬರೆದಿದ್ದೇನೆ, ಇನ್ನು ತಿದ್ದುವುದಿಲ್ಲ. ಅಲ್ಲ, ಹೆದರಿಕೆ ಅಂದೆ. ಅಂಗಡಿ ಹೋಗುತ್ತೆ ಅಂತಲೋ, ನಾನು ಒಲ್ಲೆ ಅಂತೀನಿ ಅಂತಲೋ ಎಂದು ಕೇಳಿದಳು. ಎರಡೂ ಅಂದೆ. ಅಷ್ಟಕ್ಕೆ ಗೋಡೆಯ ಮೇಲಿನ ಅಕ್ಷರಗಳ ಹಲಗೆಯತ್ತ ಕೈ ತೋರಿಸಿ, ಕೊನೇ ಸಾಲು ಓದಿ ನೋಡೋಣ ಅಂದಳು. ಓದಿದೆ. ಕಣ್ಣು ಸರಿಯಾಗಿದೆ, ಬುದ್ಧಿ ಸ್ವಲ್ಪ ದೂರದೃಷ್ಟಿ, ಹತ್ತಿರದ್ದು ಕಾಣಲ್ಲ, ಆದ್ರೂ ಪರವಾಗಿಲ್ಲ ಅಂದಳು. ಅದೇ ಒಪ್ಪಿಗೆ ಎಂದು ಅರ್ಥವಾಗಲು ನನಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ತಿಂಗಳ ಮೂರನೆಯ ಸೋಮವಾರ ಮದುವೆಯ ನೋಂದಣಿ. ಸಾಕ್ಷಿಗಳು ಬೇಕು. ವಕೀಲರು ಒಬ್ಬರು, ನೀನು ಇನ್ನೊಬ್ಬಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ನಿನ್ನ ಅಭ್ಯಾಸ ಬಿಟ್ಟು ಬರಿಗೈಯಲ್ಲಿ ಬಾ. ಅರ್ಜಿಯ ಎರಡು ಹಾಳೆಗಳಿಗೆ ಅವಳೇ ಪಿನ್ನು ಹೊಡೆದಿದ್ದಾಳೆ, ಓರೆಯಾಗಿ. ನಾನು ಮುಟ್ಟಿಲ್ಲ.